ಬಳಸಿದ ಹಳೆಯ ಬ್ಯಾಕ್‌ಹೋ ಲೋಡರ್ (ಜೆಸಿಬಿ) ಯಂತ್ರ: ಖರೀದಿ, ದೋಷ ಪತ್ತೆ, ನಿರ್ವಹಣೆ ಮತ್ತು ಹೆಸರು ವರ್ಗಾವಣೆ

(ಕಡೂರು ತಾಲ್ಲೂಕು ಸಿಂಗಟಗೆರೆ ಹೋಬಳಿ ಹಾಗೂ ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಸಿಂಗಟಗೆರೆ ಹೋಬಳಿ ಮತ್ತು ಸುತ್ತಲಿನ ಬಯಲು ಪ್ರದೇಶದಲ್ಲಿ ಕೃಷಿ ಹೊಂಡ ತೆಗೆಯುವುದು, ತೆಂಗು ಹಾಗೂ ಅಡಿಕೆ ತೋಟಗಳಿಗೆ ಪೈಪ್‌ಲೈನ್ ಕಾಲುವೆ ತೋಡುವುದು, ಬದು ಹಾಕುವುದು, ಹೂಳು ತುಂಬುವುದು, ಮನೆಯ ಪಾಯ ತೆಗೆಯುವುದು ಮುಂತಾದ ಕೆಲಸಗಳಿಗೆ ಬ್ಯಾಕ್‌ಹೋ ಲೋಡರ್ ಯಂತ್ರವನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವುದು ವಾಡಿಕೆಯಾಗಿದೆ. ಹೊಸ ಯಂತ್ರದ ಬೆಲೆ ಭರಿಸಲಾಗದ ಅನೇಕರು ಸಾಲ ಪಡೆದು ಅಥವಾ ಒಡವೆ ಅಡವಿಟ್ಟು, ಹತ್ತು ಹದಿನೈದು ವರ್ಷ ದುಡಿದ ಹಳೆಯ ಯಂತ್ರವನ್ನು ಖರೀದಿಸಿ ಸ್ವಯಂ ಉದ್ಯೋಗ ಕೈಗೊಳ್ಳುತ್ತಾರೆ.

ಇಂತಹ ಖರೀದಿಯಲ್ಲಿ ನಷ್ಟಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ದಾಖಲೆಗಳನ್ನು ಪರಿಶೀಲಿಸದೆ ಹಣ ನೀಡುವುದು. ಎರಡು, ಯಂತ್ರವು ಮೊದಲೇ ತೋರಿಸುವ ಸಣ್ಣ ಲಕ್ಷಣಗಳನ್ನು ಕಡೆಗಣಿಸುವುದು. ನೂರಾರು ರೂಪಾಯಿಯ ಫಿಲ್ಟರನ್ನು ಸಕಾಲದಲ್ಲಿ ಬದಲಿಸದಿದ್ದಲ್ಲಿ ಲಕ್ಷ ರೂಪಾಯಿಗೆ ಸಮೀಪದ ಪಂಪಿನ ದುರಸ್ತಿ ಎದುರಾಗಬಹುದು. ಆದುದರಿಂದ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಯಂತ್ರದ ಪರಿಚಯ

ಮುಂಭಾಗದಲ್ಲಿ ಮಣ್ಣು ತುಂಬುವ ಲೋಡರ್ ಬಕೆಟ್, ಹಿಂಭಾಗದಲ್ಲಿ ಅಗೆಯುವ ತೋಳು (ಬೂಮ್, ಡಿಪ್ಪರ್ ಮತ್ತು ಬಕೆಟ್) ಹಾಗೂ ರಬ್ಬರ್ ಚಕ್ರಗಳುಳ್ಳ ಯಂತ್ರವೇ ಬ್ಯಾಕ್‌ಹೋ ಲೋಡರ್. ಜೆಸಿಬಿ ಎಂಬುದು ಬ್ರಿಟನ್ನಿನ ಒಂದು ಕಂಪನಿಯ ಹೆಸರು. ಸದರಿ ಕಂಪನಿಯು 1979ರಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಸಹಭಾಗಿತ್ವದಲ್ಲಿ ಉತ್ಪಾದನೆ ಆರಂಭಿಸಿತು. ಇದರ ಯಂತ್ರಗಳೇ ಹೆಚ್ಚಾಗಿ ಬಳಕೆಗೆ ಬಂದುದರಿಂದ, ಯಾವ ಕಂಪನಿಯ ಬ್ಯಾಕ್‌ಹೋ ಆದರೂ ಜನರು ಜೆಸಿಬಿ ಎಂದೇ ಕರೆಯುತ್ತಾರೆ. ಸರಪಳಿ ಪಟ್ಟಿಯ ಮೇಲೆ ಚಲಿಸುವ, ಜನಬಳಕೆಯಲ್ಲಿ ಹಿಟಾಚಿ ಎನ್ನಲಾಗುವ ಯಂತ್ರವು ಬೇರೆ ಬಗೆಯದು. ಅದಕ್ಕೆ ಈ ಮಾಹಿತಿಯು ಪೂರ್ಣವಾಗಿ ಅನ್ವಯಿಸುವುದಿಲ್ಲ.

ಚಕ್ರವುಳ್ಳ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 4 ಹೊಗೆ ಮಾಪನ ಜಾರಿಗೆ ಬಂದಿತು. ಅದಕ್ಕಿಂತ ಬಹಳ ಹಿಂದಿನ ಯಂತ್ರಗಳಲ್ಲಿ ಡೀಸೆಲ್ ಪಂಪು ಯಾಂತ್ರಿಕ ಮಾದರಿಯದಾಗಿದ್ದು, ಎಲೆಕ್ಟ್ರಾನಿಕ್ ಭಾಗಗಳು ಕಡಿಮೆ. ಸ್ಥಳೀಯ ಮೆಕ್ಯಾನಿಕ್‌ಗಳೇ ದುರಸ್ತಿ ಮಾಡಬಲ್ಲರು ಎಂಬುದು ಹಳೆಯ ಯಂತ್ರದ ಮುಖ್ಯ ಅನುಕೂಲ.

3. ಮುಂಗಡ ಹಣ ನೀಡುವ ಮುನ್ನ ಪರಿಶೀಲಿಸಬೇಕಾದ ದಾಖಲೆಗಳು

(1) ನೋಂದಣಿ ಪ್ರಮಾಣ ಪತ್ರ (ಆರ್‌ಸಿ): ಇದರಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ಯಂತ್ರದ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಖುದ್ದಾಗಿ ಹೋಲಿಸತಕ್ಕದ್ದು. ಉಜ್ಜಿದ, ಬೆಸುಗೆ ಹಾಕಿದ ಅಥವಾ ಮತ್ತೆ ಕೊರೆದ ಗುರುತು ಕಂಡಲ್ಲಿ ಖರೀದಿಸಕೂಡದು. ಎಂಜಿನ್ ಬದಲಾಯಿಸಿದ್ದಲ್ಲಿ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು.

(2) ಸಾಲದ ನಮೂದು: ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಹೆಸರು ಆರ್‌ಸಿಯಲ್ಲಿದ್ದಲ್ಲಿ ಸಾಲ ತೀರಿದ ಪತ್ರ ಹಾಗೂ ಸಂಸ್ಥೆಯ ಸಹಿಯುಳ್ಳ ನಮೂನೆ 35 ಪಡೆಯತಕ್ಕದ್ದು. "ಕೊನೆಯ ಎರಡು ಕಂತು ಮಾತ್ರ ಬಾಕಿ" ಎಂಬ ಬಾಯಿಮಾತನ್ನು ನಂಬಿ ಪೂರ್ಣ ಹಣ ನೀಡಕೂಡದು.

(3) ನೋಂದಣಿಯ ಅವಧಿ: ಸಾರಿಗೇತರ ವಾಹನವಾಗಿ ನೋಂದಣಿಯಾದ ಯಂತ್ರದ ನೋಂದಣಿ 15 ವರ್ಷ ಊರ್ಜಿತದಲ್ಲಿರುತ್ತದೆ. ಅವಧಿ ಮುಗಿದ ಯಂತ್ರವನ್ನು ನವೀಕರಿಸದೆ ರಸ್ತೆಗೆ ತರುವಂತಿಲ್ಲ.

(4) ತೆರಿಗೆ, ವಿಮೆ, ಹೊಗೆ ತಪಾಸಣಾ ಪ್ರಮಾಣ ಪತ್ರ ಹಾಗೂ ಬಾಕಿ ದಂಡದ ವಿವರಗಳನ್ನು ಪರಿಶೀಲಿಸತಕ್ಕದ್ದು.

(5) ಹೊರರಾಜ್ಯದ ಯಂತ್ರವಾದಲ್ಲಿ ಮೂಲ ನೋಂದಣಿ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ (ನಮೂನೆ 28) ಕಡ್ಡಾಯ. ಕರ್ನಾಟಕದಲ್ಲಿ ಪಾವತಿಸಬೇಕಾದ ತೆರಿಗೆಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕುವುದು ಸೂಕ್ತ.

4. ಖರೀದಿಗೆ ಮುನ್ನ ಯಂತ್ರದ ಪರೀಕ್ಷೆ

ಯಂತ್ರವನ್ನು ಬೆಳಿಗ್ಗೆ, ಎಂಜಿನ್ ಪೂರ್ಣ ತಣ್ಣಗಿರುವಾಗ ನೋಡತಕ್ಕದ್ದು. ಮಾರುವವರು ಮೊದಲೇ ಚಾಲನೆ ಮಾಡಿ ಬಿಸಿಯಾಗಿರಿಸಿದ್ದಲ್ಲಿ, ತಣ್ಣಗಾದಾಗ ಸ್ಟಾರ್ಟ್ ಆಗದಿರುವ ದೋಷ ತಿಳಿಯುವುದಿಲ್ಲ. ಅದರಂತೆಯೇ, ಕನಿಷ್ಠ ಒಂದು ಗಂಟೆ ಕಾಲ ನಿಜವಾಗಿ ಮಣ್ಣು ಅಗೆಯಿಸಿ ನೋಡತಕ್ಕದ್ದು. ತಣ್ಣಗಿರುವಾಗ ಚುರುಕಾಗಿದ್ದು ಬಿಸಿಯಾದ ಮೇಲೆ ಸೋಲುವ ಯಂತ್ರದಲ್ಲಿ ಹೈಡ್ರಾಲಿಕ್ ಪಂಪು ಅಥವಾ ಗೇರು ಪೆಟ್ಟಿಗೆ ಸವೆದಿರುವ ಸಂಭವ ಹೆಚ್ಚು.

ಈ ಕೆಳಕಂಡ ಅಂಶಗಳನ್ನು ವಿಶೇಷವಾಗಿ ಗಮನಿಸುವುದು:

(ಅ) ಬೂಮ್, ಡಿಪ್ಪರ್ ಮತ್ತು ಅಗೆಯುವ ತೋಳು ತಿರುಗುವ ಕೀಲಿನ ಸುತ್ತ ಬಿರುಕು ಅಥವಾ ಹಳೆಯ ಬೆಸುಗೆ ಇದೆಯೇ ಎಂದು ನೋಡುವುದು. ಹೊಸ ಬಣ್ಣ ಬಳಿದ ಜಾಗವನ್ನು ಮೊದಲು ನೋಡುವುದು.

(ಆ) ಬಕೆಟನ್ನು ನೆಲಕ್ಕೆ ತಾಗಿಸಿ ತೋಳನ್ನು ಅತ್ತಿತ್ತ ಮೆಲ್ಲನೆ ಅಲುಗಾಡಿಸಿದಾಗ ಪಿನ್ನು ಮತ್ತು ಬುಷ್‌ಗಳಲ್ಲಿ ಎಷ್ಟು ಸಡಿಲವಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

(ಇ) ತೋಳನ್ನು ನೆಲದಿಂದ ಸ್ವಲ್ಪ ಮೇಲೆತ್ತಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಕಾಯುವುದು. ತಾನಾಗಿ ಇಳಿಯುತ್ತಾ ಬಂದಲ್ಲಿ ಸಿಲಿಂಡರಿನ ಸೀಲ್ ಅಥವಾ ನಿಯಂತ್ರಣ ವಾಲ್ವ್ ಸೋರುತ್ತಿದೆ. ಪರೀಕ್ಷೆಯ ವೇಳೆ ತೋಳಿನ ಕೆಳಗೆ ಯಾರೂ ನಿಲ್ಲಕೂಡದು.

(ಈ) ಗಂಟೆ ತೋರಿಸುವ ಮೀಟರನ್ನು ಮಾತ್ರ ನಂಬಕೂಡದು, ಅದನ್ನು ಬದಲಾಯಿಸಿರಬಹುದು. ಪೆಡಲಿನ ರಬ್ಬರ್, ಲಿವರಿನ ಹಿಡಿ, ಚಾಲಕನ ಆಸನ ಮತ್ತು ಪಿನ್ನುಗಳ ಸವೆತವು ಮೀಟರಿನ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ನೋಡುವುದು.

(ಉ) ಎಂಜಿನ್ ಚಾಲನೆಯಲ್ಲಿರುವಾಗ ಉಸಿರು ಕೊಳವೆಯಿಂದ ಹೊಗೆ ಒತ್ತಡದಿಂದ ಹೊರಬರುತ್ತಿದ್ದಲ್ಲಿ ಪಿಸ್ಟನ್ ರಿಂಗ್ ಸವೆದಿವೆ ಎಂದು ತಿಳಿಯುವುದು.

5. ದೋಷ ಪತ್ತೆ

5.1 ಹೈಡ್ರಾಲಿಕ್ ವ್ಯವಸ್ಥೆ

ಮೊದಲು ತಿಳಿಯಬೇಕಾದುದು, ದೋಷವು ಎಲ್ಲ ಚಲನೆಗಳಲ್ಲಿಯೂ ಇದೆಯೇ ಅಥವಾ ಒಂದೇ ಚಲನೆಯಲ್ಲಿ ಇದೆಯೇ ಎಂಬುದು. ಬೂಮ್ ಮಾತ್ರ ನಿಧಾನವಾಗಿದ್ದು ಉಳಿದವು ಸರಿಯಿದ್ದಲ್ಲಿ, ದೋಷವು ಆ ಸಿಲಿಂಡರ್, ಅದರ ಹೋಸ್ ಪೈಪು ಅಥವಾ ಅದರ ವಾಲ್ವ್ ಭಾಗದಲ್ಲಿರುತ್ತದೆ. ಪಂಪನ್ನು ಮುಟ್ಟುವ ಅಗತ್ಯವಿಲ್ಲ. ಎಲ್ಲ ಚಲನೆಗಳೂ ನಿಧಾನವಾಗಿದ್ದಲ್ಲಿ ಕೆಳಕಂಡ ಕ್ರಮದಲ್ಲಿಯೇ ಪರೀಕ್ಷಿಸತಕ್ಕದ್ದು:

(1) ತೊಟ್ಟಿಯಲ್ಲಿ ಹೈಡ್ರಾಲಿಕ್ ಆಯಿಲ್ ಮಟ್ಟ.
(2) ಪಂಪಿಗೆ ಆಯಿಲ್ ಎಳೆಯುವ ದಾರಿಯ ಜಾಲರಿ ಮತ್ತು ಹಿಂದಿರುಗುವ ದಾರಿಯ ಫಿಲ್ಟರ್.
(3) ಎಳೆಯುವ ಪೈಪಿನ ಕ್ಲಿಪ್ಪುಗಳ ಬಿಗಿ (ಸಡಿಲವಿದ್ದಲ್ಲಿ ಗಾಳಿ ಸೇರುತ್ತದೆ).
(4) ಗೇಜ್ ಹಾಕಿ ರಿಲೀಫ್ ವಾಲ್ವಿನ ಒತ್ತಡ.
(5) ಇವೆಲ್ಲವೂ ಸರಿಯಿದ್ದಲ್ಲಿ ಮಾತ್ರ ಪಂಪು.

ಮೊದಲ ನಾಲ್ಕು ಹಂತಗಳ ವೆಚ್ಚ ಅಲ್ಪ, ಐದನೆಯದು ದುಬಾರಿ. ಕ್ರಮ ತಪ್ಪಿಸಿ ಮೊದಲೇ ಪಂಪು ಬದಲಿಸಿದಲ್ಲಿ, ಕಟ್ಟಿಕೊಂಡ ಜಾಲರಿಯೇ ಹೊಸ ಪಂಪನ್ನೂ ಹಾಳು ಮಾಡುತ್ತದೆ. ಹಳೆಯ ಪಂಪು ಒಡೆದು ಲೋಹದ ಚೂರು ಆಯಿಲ್‌ಗೆ ಸೇರಿದ್ದಲ್ಲಿ ತೊಟ್ಟಿ, ಪೈಪು ಮತ್ತು ಕೂಲರ್ ಶುಚಿಗೊಳಿಸಿ, ಫಿಲ್ಟರ್ ಮತ್ತು ಆಯಿಲ್ ಬದಲಿಸಿದ ನಂತರವೇ ಹೊಸದನ್ನು ಜೋಡಿಸತಕ್ಕದ್ದು.

ಶಕ್ತಿ ಸಾಲದೆಂದು ರಿಲೀಫ್ ವಾಲ್ವನ್ನು ಅಂದಾಜಿನಲ್ಲಿ ಬಿಗಿ ಮಾಡಿ "ಪ್ರೆಶರ್ ಏರಿಸುವ" ರೂಢಿಯು ಅಪಾಯಕಾರಿ. ನಿಗದಿತ ಮಿತಿ ಮೀರಿದಲ್ಲಿ ಹೋಸ್ ಪೈಪು ಸಿಡಿಯಬಹುದು, ತೋಳು ಬಿರುಕು ಬಿಡಬಹುದು. ಗೇಜ್ ಇಲ್ಲದೆ ಈ ವಾಲ್ವನ್ನು ಮುಟ್ಟಕೂಡದು.

ಆಯಿಲ್‌ನ ಬಣ್ಣವೂ ದೋಷ ತಿಳಿಸುತ್ತದೆ. ನೊರೆ ಬಂದು, ಯಂತ್ರ ನಿಲ್ಲಿಸಿದ ಮೇಲೆ ತಿಳಿಯಾದಲ್ಲಿ ಗಾಳಿ ಸೇರಿದೆ. ನಿಲ್ಲಿಸಿದರೂ ಹಾಲಿನಂತೆ ಬಿಳಿಯಾಗಿಯೇ ಉಳಿದಲ್ಲಿ ನೀರು ಸೇರಿದ್ದು, ಬದಲಿಸತಕ್ಕದ್ದು. ಪಂಪು ಸಿಳ್ಳೆಯಂತೆ ಕೂಗಿದಲ್ಲಿ ಎಳೆಯುವ ದಾರಿ ಕಟ್ಟಿದೆ ಅಥವಾ ಗಾಳಿ ಎಳೆಯುತ್ತಿದೆ, ಕೂಡಲೇ ನಿಲ್ಲಿಸುವುದು.

5.2 ಎಂಜಿನ್

ಕಪ್ಪು ಹೊಗೆ: ಗಾಳಿ ಫಿಲ್ಟರ್ ಕಟ್ಟಿದೆ, ಅಥವಾ ಇಂಜೆಕ್ಟರ್ ಹೆಚ್ಚು ಡೀಸೆಲ್ ಬಿಡುತ್ತಿದೆ. ಮೊದಲು ಫಿಲ್ಟರ್ ನೋಡುವುದು.

ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೋ ಇದ್ದಲ್ಲಿ ಅದರ ಸೀಲ್ ಸವೆದಿರಬಹುದು.

ಬಿಳಿ ಹೊಗೆ: ತಣ್ಣನೆಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತಲ್ಲಿ ಆತಂಕವಿಲ್ಲ. ಬಿಸಿಯಾದ ಮೇಲೂ ಬರುತ್ತಿದ್ದು ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದಲ್ಲಿ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸತಕ್ಕದ್ದು.

ಎಂಜಿನ್ ಬಿಸಿಯಾಗುವುದು: ರೇಡಿಯೇಟರ್ ಮತ್ತು ಕೂಲರ್ ಜಾಲರಿಯ ನಡುವೆ ಧೂಳು, ಹೊಟ್ಟು ತುಂಬಿರುವುದೇ ಸಾಮಾನ್ಯ ಕಾರಣ. ಗಾಳಿ ಬೀಸುವ ದಿಕ್ಕಿಗೆ ವಿರುದ್ಧವಾಗಿ ಶುಚಿಗೊಳಿಸುವುದು. ನಂತರ ಫ್ಯಾನ್ ಬೆಲ್ಟ್, ಕೂಲೆಂಟ್ ಮತ್ತು ಥರ್ಮೋಸ್ಟಾಟ್ ನೋಡುವುದು. ಬಿಸಿ ಇರುವಾಗ ಮುಚ್ಚಳ ತೆರೆಯಕೂಡದು.

ಸ್ಟಾರ್ಟ್ ಆಗದಿರುವುದು: ಮೋಟರ್ ತಿರುಗದಿದ್ದಲ್ಲಿ ಬ್ಯಾಟರಿ ತುದಿಗಳ ಪಾಚಿ ಮತ್ತು ಅರ್ಥ್ ತಂತಿ ನೋಡುವುದು. ತಿರುಗಿದರೂ ಸ್ಟಾರ್ಟ್ ಆಗದಿದ್ದಲ್ಲಿ ಡೀಸೆಲ್ ಫಿಲ್ಟರ್ ಕಟ್ಟಿರಬಹುದು ಅಥವಾ ಗಾಳಿ ಸೇರಿರಬಹುದು. ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ಬಿಗಿ ಮಾಡುವುದು.

5.3 ಗೇರು, ಬ್ರೇಕ್ ಮತ್ತು ಇತರೆ

ಮುಂದಕ್ಕೆ ಅಥವಾ ಹಿಂದಕ್ಕೆ ಹಾಕಿದರೂ ಯಂತ್ರ ತಡವಾಗಿ ಚಲಿಸಿದಲ್ಲಿ ಮೊದಲು ಗೇರು ಆಯಿಲ್‌ನ ಮಟ್ಟ ಮತ್ತು ವಾಸನೆ ನೋಡುವುದು. ಸುಟ್ಟ ವಾಸನೆ ಇದ್ದಲ್ಲಿ ಕ್ಲಚ್ ಪ್ಲೇಟುಗಳು ಸವೆದಿವೆ. ಬ್ರೇಕ್ ಪೆಡಲ್ ಮೆಲ್ಲನೆ ಕೆಳಗಿಳಿದಲ್ಲಿ ಯಂತ್ರವನ್ನು ರಸ್ತೆಗೆ ತರಕೂಡದು. ಬೆಸುಗೆ ಕೆಲಸದ ಮುನ್ನ ಬ್ಯಾಟರಿ ಸಂಪರ್ಕ ಕಳಚಿ, ಅರ್ಥ್ ಹಿಡಿಯನ್ನು ಬೆಸುಗೆ ಜಾಗದ ಸಮೀಪವೇ ಜೋಡಿಸತಕ್ಕದ್ದು. ಟೈರ್ ಇರುವ ಚಕ್ರದ ರಿಮ್ಮಿಗೆ ಯಾವ ಕಾರಣಕ್ಕೂ ಬೆಸುಗೆ ಹಾಕಕೂಡದು. ಟೈರ್ ಸಿಡಿದು ಪ್ರಾಣಾಪಾಯ ಸಂಭವಿಸಬಹುದು.

6. ನಿರ್ವಹಣಾ ವೇಳಾಪಟ್ಟಿ

ತಯಾರಕರ ಕೈಪಿಡಿಯಲ್ಲಿ ಬೇರೆ ರೀತಿ ಇದ್ದಲ್ಲಿ ಅದನ್ನೇ ಅನುಸರಿಸತಕ್ಕದ್ದು. ಕೈಪಿಡಿ ಲಭ್ಯವಿಲ್ಲದಿದ್ದಲ್ಲಿ ಈ ಕೆಳಕಂಡಂತೆ ಪಾಲಿಸಬಹುದು.

ಪ್ರತಿದಿನ (10 ಗಂಟೆಗೊಮ್ಮೆ): ಎಲ್ಲ ಪಿನ್ನುಗಳಿಗೆ ಗ್ರೀಸ್, ಎಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್, ಕೂಲೆಂಟ್ ಮಟ್ಟ, ಡೀಸೆಲ್ ಫಿಲ್ಟರಿನ ತಳದ ನೀರು ಹೊರಬಿಡುವುದು, ಬಕೆಟಿನ ಹಲ್ಲು ಮತ್ತು ಹೋಸ್ ಪೈಪುಗಳ ವೀಕ್ಷಣೆ.
50 ಗಂಟೆಗೊಮ್ಮೆ: ಟೈರಿನ ಗಾಳಿ, ಚಕ್ರದ ನಟ್ಟು, ಬೆಲ್ಟ್, ಬ್ಯಾಟರಿ, ರೇಡಿಯೇಟರ್ ಶುಚಿ.
250 ಗಂಟೆಗೊಮ್ಮೆ: ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್.
500 ಗಂಟೆಗೊಮ್ಮೆ: ಡೀಸೆಲ್ ಫಿಲ್ಟರ್; ಆಕ್ಸಲ್ ಆಯಿಲ್ ಮಟ್ಟ.
1000 ಗಂಟೆಗೊಮ್ಮೆ: ಗೇರು ಮತ್ತು ಆಕ್ಸಲ್ ಆಯಿಲ್, ಹೈಡ್ರಾಲಿಕ್ ಫಿಲ್ಟರ್.
2000 ಗಂಟೆಗೊಮ್ಮೆ: ಹೈಡ್ರಾಲಿಕ್ ಆಯಿಲ್ ಬದಲಾವಣೆ, ತೊಟ್ಟಿಯ ಶುಚಿ.

ಹಿಂದಿನ ಮಾಲೀಕರು ಎಂದು ಏನು ಬದಲಿಸಿದರೆಂಬ ದಾಖಲೆ ಇಲ್ಲದಿದ್ದಲ್ಲಿ, ಖರೀದಿಸಿದ ಮೊದಲ ವಾರದಲ್ಲೇ ಎಲ್ಲ ಫಿಲ್ಟರ್ ಮತ್ತು ಎಂಜಿನ್ ಆಯಿಲ್ ಬದಲಿಸಿ, ಆ ದಿನದ ಮೀಟರ್ ಗಂಟೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಅಲ್ಲಿಂದ ಲೆಕ್ಕ ಆರಂಭಿಸುವುದು.

7. ಸ್ಥಳೀಯ ಪರಿಸ್ಥಿತಿಗೆ ತಕ್ಕ ಎಚ್ಚರಿಕೆಗಳು

ಸಿಂಗಟಗೆರೆ ಸೇರಿದಂತೆ ಕಡೂರು ತಾಲ್ಲೂಕಿನ ಬಯಲು ಭಾಗವು ಮಳೆ ಕಡಿಮೆ ಬೀಳುವ ಪ್ರದೇಶವಾಗಿದ್ದು, ಬೇಸಿಗೆಯಲ್ಲಿ ಧೂಳು ಹೆಚ್ಚು. ಗಾಳಿ ಫಿಲ್ಟರನ್ನು ಟೈರಿಗೆ ಬಡಿದು ಧೂಳು ಕೊಡವುವುದರಿಂದ ಕಾಗದ ಹರಿದು ಧೂಳು ನೇರವಾಗಿ ಎಂಜಿನ್ ಸೇರುತ್ತದೆ. ಹೊರ ಫಿಲ್ಟರನ್ನು ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿಯಿಂದ ಶುಚಿಗೊಳಿಸುವುದು. ಒಳ ಫಿಲ್ಟರನ್ನು ಶುಚಿಗೊಳಿಸದೆ ಬದಲಿಸತಕ್ಕದ್ದು.

ಅಜ್ಜಂಪುರ ಭಾಗದ ಎರೆ ಮಣ್ಣು ಪಿನ್ನು ಮತ್ತು ಸಿಲಿಂಡರ್ ದಂಡಕ್ಕೆ ಅಂಟಿ ಒಣಗಿ, ಸೀಲ್ ಹರಿಯುತ್ತದೆ. ದಿನದ ಕೆಲಸ ಮುಗಿದ ಕೂಡಲೇ ಮಣ್ಣು ಕೆರೆದು, ದಂಡಗಳು ಸಾಧ್ಯವಾದಷ್ಟು ಒಳಸೇರಿರುವಂತೆ ಯಂತ್ರ ನಿಲ್ಲಿಸುವುದು. ತರೀಕೆರೆಯ ಮಲೆನಾಡು ಸೆರಗಿನಲ್ಲಿ ಮಳೆಗಾಲದ ತೇವದಿಂದ ಡೀಸೆಲ್ ತೊಟ್ಟಿಯಲ್ಲಿ ನೀರು ಸೇರುವುದುಂಟು. ಸಂಜೆಯೇ ತೊಟ್ಟಿ ತುಂಬಿಸಿಡುವುದು ಒಳ್ಳೆಯದು. ಕ್ಯಾನಿನಲ್ಲಿ ತಂದ ಡೀಸೆಲನ್ನು ಸೋಸಿ ಹಾಕುವುದು.

ಹಳ್ಳಿಯಿಂದ ಬಿಡಿಭಾಗದ ಅಂಗಡಿ ದೂರವಿರುವುದರಿಂದ ಒಂದು ಸೆಟ್ ಫಿಲ್ಟರ್, ಫ್ಯಾನ್ ಬೆಲ್ಟ್, ಒ-ರಿಂಗ್ ಪೆಟ್ಟಿಗೆ, ಬಕೆಟ್ ಹಲ್ಲು ಮತ್ತು ಅವುಗಳ ಪಿನ್ನು, ಹೆಚ್ಚು ಹಾಳಾಗುವ ಎರಡು ಹೋಸ್ ಪೈಪು ಹಾಗೂ ಒಂದು ಕ್ಯಾನ್ ಹೈಡ್ರಾಲಿಕ್ ಆಯಿಲ್ ಮನೆಯಲ್ಲಿ ಇರಿಸಿಕೊಳ್ಳುವುದು ಸೂಕ್ತ.

ಕೆರೆಯಲ್ಲಿ ಹೂಳು ತೆಗೆಯುವ ಮುನ್ನ, ಕೆರೆಯು ಯಾವ ಪ್ರಾಧಿಕಾರಕ್ಕೆ ಸೇರಿದೆಯೋ (ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಅಥವಾ ಸಣ್ಣ ನೀರಾವರಿ ಇಲಾಖೆ) ಅದರ ಲಿಖಿತ ಅನುಮತಿ ಇದೆಯೇ ಎಂದು ಕೆಲಸ ಕೊಡುವವರಲ್ಲಿ ಕೇಳತಕ್ಕದ್ದು. ಅನುಮತಿಯಿಲ್ಲದೆ ಮರಳು ಅಥವಾ ಮಣ್ಣು ಸಾಗಿಸಿದಲ್ಲಿ ಯಂತ್ರವು ಜಪ್ತಿಗೆ ಒಳಗಾಗಬಹುದು.

8. ಸುರಕ್ಷತೆ

(1) ದುರಸ್ತಿಗೆ ಮುನ್ನ ಎರಡೂ ಬಕೆಟ್‌ಗಳನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರುಗಳನ್ನು ಎಲ್ಲ ದಿಕ್ಕಿಗೂ ಆಡಿಸಿ ಉಳಿದ ಒತ್ತಡ ಬಿಡತಕ್ಕದ್ದು. ಲೋಡರ್ ತೋಳನ್ನು ಎತ್ತಿಯೇ ಕೆಲಸ ಮಾಡಬೇಕಾದಲ್ಲಿ ಕಂಪನಿಯ ತಡೆಗೋಲನ್ನು ಜೋಡಿಸತಕ್ಕದ್ದು. ಕಲ್ಲು ಅಥವಾ ಮರದ ತುಂಡಿನ ಆಧಾರ ಸಾಲದು.

(2) ಹೋಸ್ ಪೈಪಿನ ಸೂಜಿಮೊನೆಯಷ್ಟು ರಂಧ್ರದಿಂದ ಬರುವ ಆಯಿಲ್ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಸೋರಿಕೆಯನ್ನು ಕೈಯಿಂದ ಸವರಿ ನೋಡಕೂಡದು. ರಟ್ಟಿನ ತುಂಡು ಹಿಡಿದು ನೋಡುವುದು. ಆಯಿಲ್ ಚರ್ಮದೊಳಗೆ ಹೊಕ್ಕಲ್ಲಿ ಗಾಯ ಚಿಕ್ಕದೆಂದು ತಡಮಾಡದೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ, ಒತ್ತಡದ ಆಯಿಲ್ ಹೊಕ್ಕಿದೆ ಎಂದು ವೈದ್ಯರಿಗೆ ತಿಳಿಸತಕ್ಕದ್ದು. ತಡವಾದಲ್ಲಿ ಬೆರಳು ಅಥವಾ ಕೈಯನ್ನೇ ಕಳೆದುಕೊಳ್ಳುವ ಸಂಭವವಿದೆ.

(3) ತೋಟಗಳಲ್ಲಿ ವಿದ್ಯುತ್ ತಂತಿಯ ಕೆಳಗೆ ತೋಳು ಎತ್ತಕೂಡದು. ಯಂತ್ರವು ತಂತಿಗೆ ತಾಗಿದಲ್ಲಿ ಚಾಲಕನು ಕೆಳಗಿಳಿಯದೆ ಒಳಗೇ ಇರುವುದು. ಇತರರು ಸಮೀಪ ಬಾರದಿರುವುದು. ಮೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ವಿದ್ಯುತ್ ಕಡಿತಗೊಳಿಸುವವರೆಗೆ ಕಾಯುವುದು. ಬೆಂಕಿ ಹತ್ತಿ ಇಳಿಯಲೇಬೇಕಾದಲ್ಲಿ ಯಂತ್ರ ಮತ್ತು ನೆಲವನ್ನು ಒಟ್ಟಿಗೆ ಮುಟ್ಟದಂತೆ ಎರಡೂ ಪಾದ ಜೋಡಿಸಿ ದೂರ ನೆಗೆದು, ಪಾದ ಎತ್ತದೆ ಸರಿಯುತ್ತಾ ದೂರ ಹೋಗುವುದು.

(4) ರಸ್ತೆಯಲ್ಲಿ ಸಾಗುವಾಗ ಎರಡು ಬ್ರೇಕ್ ಪೆಡಲ್‌ಗಳನ್ನು ಜೋಡಿಸಿ, ಹಿಂದಿನ ತೋಳಿಗೆ ಬೀಗದ ಪಿನ್ನು ಹಾಕತಕ್ಕದ್ದು. ಬಕೆಟಿನಲ್ಲಿ ಜನರನ್ನು ಕೂರಿಸಕೂಡದು.

(5) ಕೆರೆ ಏರಿ, ಹೊಂಡ ಅಥವಾ ಬಾವಿಯ ಅಂಚಿನಲ್ಲಿ ನೆನೆದ ಮಣ್ಣು ಯಂತ್ರದ ಭಾರಕ್ಕೆ ಕುಸಿಯುತ್ತದೆ. ಆಳವಾದ ಕಾಲುವೆಯೊಳಗೆ ಜನರಿರುವಾಗ ಅಂಚಿನಲ್ಲಿ ಯಂತ್ರ ನಡೆಸಕೂಡದು. ಅವಘಡ ಸಂಭವಿಸಿದಲ್ಲಿ 108 ಅಥವಾ 112ಕ್ಕೆ ಕರೆ ಮಾಡುವುದು.

9. ವೆಚ್ಚದ ಲೆಕ್ಕ

ಹಳೆಯ ಯಂತ್ರದ ನಿಜವಾದ ಬೆಲೆ ಎಂದರೆ ಕೊಟ್ಟ ಹಣಕ್ಕೆ ಮೊದಲ ವರ್ಷದ ದುರಸ್ತಿಯನ್ನು ಸೇರಿಸಿದ ಮೊತ್ತ. ಲೆಕ್ಕದ ವಿಧಾನ ತಿಳಿಸಲು ಮಾತ್ರ ಒಂದು ಉದಾಹರಣೆ ನೀಡಲಾಗಿದೆ. ಅಂಕಿಗಳನ್ನು ತಮ್ಮ ಯಂತ್ರಕ್ಕೆ ತಕ್ಕಂತೆ ಬದಲಿಸಿಕೊಳ್ಳುವುದು.

ವರ್ಷಕ್ಕೆ 900 ಗಂಟೆ ಕೆಲಸವಿದ್ದು, ಆಯಿಲ್, ಫಿಲ್ಟರ್ ಮತ್ತು ಗ್ರೀಸ್‌ಗೆ 60,000 ರೂ., ಮೂರು ವರ್ಷ ಬರುವ 1,20,000 ರೂ. ಬೆಲೆಯ ಟೈರಿಗೆ ವಾರ್ಷಿಕ 40,000 ರೂ., ಪಿನ್ನು, ಬುಷ್, ಹೋಸ್ ಮತ್ತು ಹಲ್ಲಿಗೆ 50,000 ರೂ., ವಿಮೆ ಇತ್ಯಾದಿಗೆ 30,000 ರೂ. ಎಂದಿಟ್ಟುಕೊಂಡಲ್ಲಿ ಒಟ್ಟು 1,80,000 ರೂ., ಅಂದರೆ ಗಂಟೆಗೆ 200 ರೂ. ಆಗುತ್ತದೆ. ಸಾಲದ ಕಂತು ತಿಂಗಳಿಗೆ 25,000 ರೂ. ಇದ್ದಲ್ಲಿ ವರ್ಷಕ್ಕೆ 3,00,000 ರೂ., ಗಂಟೆಗೆ ಸುಮಾರು 333 ರೂ. ಹೀಗೆ ಡೀಸೆಲ್ ಮತ್ತು ಚಾಲಕರ ಕೂಲಿಗೆ ಮೊದಲೇ ಗಂಟೆಗೆ 533 ರೂ. ವೆಚ್ಚವಿದೆ. ಅದೇ ಯಂತ್ರಕ್ಕೆ 600 ಗಂಟೆ ಮಾತ್ರ ಕೆಲಸ ಸಿಕ್ಕಲ್ಲಿ ಕಂತಿನ ಭಾರವೊಂದೇ ಗಂಟೆಗೆ 500 ರೂ.ಗೆ ಏರುತ್ತದೆ. ಆದುದರಿಂದ ಪ್ರತಿ ಬಾಡಿಗೆಯಿಂದ ದುರಸ್ತಿಯ ಪಾಲನ್ನು ಅಂದೇ ತೆಗೆದು ಬೇರೆ ಖಾತೆಗೆ ಜಮಾ ಮಾಡುವುದು ಸೂಕ್ತ.

10. ಹೆಸರು ವರ್ಗಾವಣೆ ಮತ್ತು ನವೀಕರಣ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 50ರಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ಮತ್ತು ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. ವಾಹನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ, ಕೆಳಕಂಡ ದಾಖಲೆಗಳನ್ನು ಲಗತ್ತಿಸತಕ್ಕದ್ದು:

(1) ನಮೂನೆ 29 ಮತ್ತು ನಮೂನೆ 30. (2) ಮೂಲ ಆರ್‌ಸಿ. (3) ಚಾಲ್ತಿಯಲ್ಲಿರುವ ವಿಮೆ. (4) ಹೊಗೆ ತಪಾಸಣಾ ಪ್ರಮಾಣ ಪತ್ರ. (5) ವಿಳಾಸ ಮತ್ತು ಗುರುತಿನ ದಾಖಲೆ. (6) ಪ್ಯಾನ್ ಅಥವಾ ನಮೂನೆ 60. (7) ಸಾಲವಿದ್ದಲ್ಲಿ ನಮೂನೆ 35.

ಮಾಲೀಕರು ಮೃತರಾಗಿದ್ದಲ್ಲಿ ವಾರಸುದಾರರು ನಮೂನೆ 31ರಲ್ಲಿ, ಸಾರ್ವಜನಿಕ ಹರಾಜಿನಲ್ಲಿ ಕೊಂಡವರು ನಮೂನೆ 32ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ ಯಂತ್ರವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ನವೀಕರಣದ ಅವಧಿ 5 ವರ್ಷ. 15 ವರ್ಷ ಮೀರಿದ ವಾಹನಗಳ ಶುಲ್ಕವನ್ನು 2022ರ ಏಪ್ರಿಲ್ 1ರಿಂದ ಹೆಚ್ಚಿಸಲಾಗಿದ್ದು, ನಂತರವೂ ಪರಿಷ್ಕರಣೆಯಾಗಿರುವುದರಿಂದ ಅರ್ಜಿಯ ದಿನದ ದರವನ್ನೇ ನೋಡಿಕೊಳ್ಳುವುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಛಾಪಾ ಕಾಗದದ ಕರಾರು ಪತ್ರ ಮಾಡಿಕೊಂಡು ಹಳೆಯ ಮಾಲೀಕರ ಹೆಸರಿನಲ್ಲಿಯೇ ಯಂತ್ರ ನಡೆಸಬಹುದೇ?
ಉತ್ತರ: ನಡೆಸಕೂಡದು. ಅಪಘಾತವಾದಲ್ಲಿ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಹೆಸರು ವರ್ಗಾವಣೆ ಆಗದಿದ್ದಲ್ಲಿ ಮಾರಿದವರಿಗೆ ಹೊಣೆ ತಪ್ಪುವುದಿಲ್ಲ. ಕೊಂಡವರಿಗೆ ವಿಮೆ ಮತ್ತು ಸಾಲ ಪಡೆಯಲು ತೊಡಕಾಗುತ್ತದೆ.

ಪ್ರಶ್ನೆ: ಯಂತ್ರ ಕೆಲಸದಲ್ಲಿ ಮಗುಚಿದರೆ ವಿಮೆ ದೊರೆಯುವುದೇ?
ಉತ್ತರ: ಅಗೆಯುವ ಕೆಲಸ ಮಾಡುವಾಗ ಮಗುಚಿ ಆಗುವ ನಷ್ಟವು ಸಾಮಾನ್ಯ ಪಾಲಿಸಿಯಲ್ಲಿ ಸೇರದಿರಬಹುದು. ಹೆಚ್ಚುವರಿ ಪ್ರೀಮಿಯಂ ಪಾವತಿಸಿ ಈ ರಕ್ಷಣೆ ಪಡೆಯಲಾಗಿದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳುವುದು.

ಪ್ರಶ್ನೆ: ಟ್ರ್ಯಾಕ್ಟರ್ ಚಾಲನಾ ಪರವಾನಗಿ ಸಾಕಾಗುವುದೇ?
ಉತ್ತರ: ಸಾಲದು. ಪರವಾನಗಿಯಲ್ಲಿ ಈ ಬಗೆಯ ನಿರ್ಮಾಣ ಯಂತ್ರವನ್ನು ಚಾಲನೆ ಮಾಡಲು ಅನುಮತಿ ನಮೂದಾಗಿರಬೇಕು.

ಪ್ರಶ್ನೆ: ಕಡೂರು ಭಾಗದವರು ಯಾವ ಕಛೇರಿಯನ್ನು ಸಂಪರ್ಕಿಸಬೇಕು?
ಉತ್ತರ: ಚಿಕ್ಕಮಗಳೂರಿನಲ್ಲಿ (ಕೆಎ 18) ಮತ್ತು ತರೀಕೆರೆಯಲ್ಲಿ (ಕೆಎ 66) ಸಾರಿಗೆ ಕಛೇರಿಗಳಿವೆ. ಅರ್ಜಿದಾರರ ವಿಳಾಸದ ಪಿನ್‌ಕೋಡ್ ನಮೂದಿಸಿದಾಗ ಸಂಬಂಧಪಟ್ಟ ಕಛೇರಿಯು ಜಾಲತಾಣದಲ್ಲಿ ತಿಳಿಯುತ್ತದೆ. ಮಧ್ಯವರ್ತಿಗಳ ಅಗತ್ಯವಿಲ್ಲ, ಪಾವತಿಸಿದ ಪ್ರತಿಯೊಂದು ಶುಲ್ಕಕ್ಕೂ ರಶೀದಿ ಪಡೆಯತಕ್ಕದ್ದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ನಿಯಮಗಳ ವಿಷಯದಲ್ಲಿ ಚಾಲ್ತಿಯಲ್ಲಿರುವ ಅಧಿನಿಯಮ ಹಾಗೂ ಅಧಿಸೂಚನೆಗಳೇ ಅಂತಿಮ. ಯಂತ್ರದ ವಿಷಯದಲ್ಲಿ ತಯಾರಕರ ಕೈಪಿಡಿಯೇ ಅಂತಿಮ.